ನಿಮ್ಮ ನಾದಿನಿ ಕೇಳಿದಲ್ಲಿಂದ ಶುರು ಮಾಡಿ

ನಮಸ್ಕಾರ.

ನೀವು ಮಂಡ್ಯದಿಂದ ಕಳಿಸಿದ ಲೇಖನ ಓದಿದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಯೋನಿಯಲ್ಲಿ ಇಟ್ಟುಕೊಳ್ಳುವ ಉಂಗುರ, ಇವೆರಡೂ ಔಷಧಿಯನ್ನು ದಿನಾ ಸ್ವಲ್ಪಸ್ವಲ್ಪವೇ ಬಿಟ್ಟು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳುತ್ತವೆ ಅನ್ನುವುದು ವಿಷಯ. ವಿಷಯ ಚೆನ್ನಾಗಿದೆ. ಲೇಖನ ಮಾತ್ರ ಹೀಗೇ ಅಚ್ಚಿಗೆ ಹೋಗುವುದಿಲ್ಲ.

ಮೊದಲ ಎರಡು ಪುಟ ಜನಸಂಖ್ಯಾ ಸ್ಫೋಟದ ಮೇಲೆ ಭಾಷಣ. ತೆಗೆದುಬಿಡಿ. ಎರಡನೇ ಮಗು ಈಗ ಬೇಡ ಅಂದುಕೊಂಡ ಹೆಂಗಸು ದೇಶದ ಲೆಕ್ಕ ಹಾಕುತ್ತಾ ಕೂತಿರುವುದಿಲ್ಲ. ಇತಿಹಾಸ ಬೇಕೇ ಬೇಕು ಅಂದರೆ ನಮ್ಮೂರಿನದೇ ಇದೆ: ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಆದೇಶ ಹೊರಡಿಸಿತ್ತು. ಅದಕ್ಕೆ ಎರಡು ಸಾಲು ಸಾಕು.

ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ. ಹಾರ್ಮೋನ್ ಸಾಧನ ಹಾಕಿಸಿಕೊಂಡರೆ ಮುಟ್ಟು ಕಡಿಮೆ ಆಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ ಅಂತ ನೀವು ಹೇಳಿದಾಗ ನಿಮ್ಮ ನಾದಿನಿ ಕೇಳುತ್ತಾರೆ: "ಹಂಗಾದ್ರೆ ಆ ರಕ್ತ ಎಲ್ಲ ಎಲ್ಲಿಗೋಯ್ತದೆ? ಒಳಗೇ ಗಡ್ಡೆ ಕಟ್ಟಲ್ವಾ?" ಇದನ್ನು ನೀವು ಮೂಢನಂಬಿಕೆ ಅಂತ ತಳ್ಳಿಹಾಕಿ ಮುಂದೆ ಹೋಗಿದ್ದೀರಿ. ತಿಂಗಳು ತಿಂಗಳು ಬರುತ್ತಿದ್ದುದು ನಿಂತರೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ಓದುವವರೂ ಅದನ್ನೇ ಕೇಳುತ್ತಾರೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಉತ್ತರವೂ ಕಷ್ಟದ್ದಲ್ಲ. ಸಾಧನ ಬಿಡುವ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಗರ್ಭಕೋಶದ ಒಳಪದರಕ್ಕೇ ನೇರವಾಗಿ ಸೇರುತ್ತದೆ. ಆಗ ಆ ಪದರ ದಪ್ಪವಾಗಿ ಬೆಳೆಯುವುದಿಲ್ಲ. ಬೆಳೆಯದೇ ಇದ್ದದ್ದು ಕಳಚಿ ಬೀಳುವುದೆಲ್ಲಿಂದ ಬಂತು? ಒಳಗೆ ರಕ್ತ ಕೂಡಿಕೊಂಡಿರುವುದಿಲ್ಲ. ಜೊತೆಗೆ ಗರ್ಭಕೋಶದ ಬಾಯಲ್ಲಿರುವ ಲೋಳೆ ಗಟ್ಟಿಯಾಗಿ ವೀರ್ಯಾಣುಗಳು ಒಳಗೆ ಹೋಗಲಾರವು. ಎಷ್ಟೋ ಹೆಂಗಸರಲ್ಲಿ ಅಂಡಾಣು ಎಂದಿನಂತೆ ಬಿಡುಗಡೆ ಆಗುತ್ತಲೇ ಇರುತ್ತದೆ. ಇಷ್ಟನ್ನು ನಾದಿನಿಗೆ ಹೇಳುವ ಹಾಗೇ ಬರೆಯಿರಿ. ಮೊದಲ ಮೂರರಿಂದ ಆರು ತಿಂಗಳು ಹೊತ್ತಲ್ಲದ ಹೊತ್ತಲ್ಲಿ ರಕ್ತದ ಕಲೆ ಕಾಣಿಸಿಕೊಳ್ಳಬಹುದು ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಅದು ಮೊದಲೇ ಗೊತ್ತಿಲ್ಲದಿದ್ದರೆ ಗಾಬರಿಯಾಗಿ ತೆಗೆಸಿಬಿಡುತ್ತಾರೆ.

"ಅತ್ಯಲ್ಪ ಪ್ರಮಾಣದ ಔಷಧಿ" ಅಂತ ಐದು ಕಡೆ ಬರೆದಿದ್ದೀರಿ. ಅಲ್ಪ ಅಂದರೆ ಎಷ್ಟು? ಮಿರೆನಾ ಅನ್ನುವ ಹಾರ್ಮೋನ್ ಸಾಧನದಲ್ಲಿ ಇರುವುದು 52 ಮಿಲಿಗ್ರಾಂ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಬಿಡುತ್ತದೆ, ವರ್ಷ ಕಳೆದಂತೆ ಅದೂ ಇಳಿಯುತ್ತದೆ. ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಯಲ್ಲಿ ಇದೇ ಹಾರ್ಮೋನ್ 150 ಮೈಕ್ರೋಗ್ರಾಂ ಇದೆ, ದಿನಕ್ಕೊಂದು ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ತುರ್ತು ಗರ್ಭನಿರೋಧಕ ಮಾತ್ರೆಯಲ್ಲಿ 1,500 ಮೈಕ್ರೋಗ್ರಾಂ. ಅಂದರೆ ಆ ಒಂದೇ ಮಾತ್ರೆ ಸಾಧನದ 75 ದಿನಗಳ ಲೆಕ್ಕಕ್ಕೆ ಸಮ! ಇಂಥ ಅಂಕಿ ಕೊಟ್ಟರೆ "ಅತ್ಯಲ್ಪ" ಅನ್ನಬೇಕಾಗೇ ಇಲ್ಲ.

ನಿಧಾನವಾಗಿ ಬಿಡುವುದು ಹೇಗೆ ಅನ್ನುವುದಕ್ಕೆ ನೀವು ಹೋಲಿಕೆಗಳ ಸಾಲನ್ನೇ ಹಾಕಿದ್ದೀರಿ. ಕಬ್ಬಿನ ಗದ್ದೆಯ ಹನಿ ನೀರಾವರಿ ಒಂದನ್ನು ಉಳಿಸಿಕೊಳ್ಳಿ, ಮಂಡ್ಯದವರಿಗೆ ಥಟ್ಟಂತ ಹೊಳೆಯುತ್ತದೆ. ಆಮೇಲೆ ನಿಜವಾದ ವಿಷಯಕ್ಕೆ ಬನ್ನಿ. ಮಿರೆನಾದಲ್ಲಿ ಹಾರ್ಮೋನನ್ನು ಸಿಲಿಕೋನ್ ರಬ್ಬರಿನಲ್ಲಿ ಬೆರೆಸಿ, ಮೇಲೆ ಅದೇ ಜಾತಿಯ ತೆಳು ಪೊರೆ ಹೊದಿಸಿರುತ್ತಾರೆ. ಔಷಧಿ ಆ ಪೊರೆಯೊಳಗೆ ಕರಗಿ ನುಸುಳಿಯೇ ಹೊರಗೆ ಬರಬೇಕು. ಪೊರೆ ದಪ್ಪ ಇದ್ದಷ್ಟೂ ನಿಧಾನ. 1976ರಲ್ಲಿ ಅಮೆರಿಕದಲ್ಲಿ ಬಂದ ಪ್ರೊಜೆಸ್ಟಾಸರ್ಟ್ ಅನ್ನುವ ಹಾರ್ಮೋನ್ ಸಾಧನ ವರ್ಷಕ್ಕೇ ಖಾಲಿಯಾಗುತ್ತಿತ್ತು. ಇವತ್ತಿನದು ಹಲವು ವರ್ಷ ನಡೆಯುತ್ತದೆ.

ಈಗ ತಪ್ಪುಗಳು. ಕಾಪರ್-ಟಿಯೂ ಹಾರ್ಮೋನ್ ಬಿಡುತ್ತದೆ ಅಂತ ಬರೆದಿದ್ದೀರಿ. ಖಂಡಿತ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ವಂಕಿಯಲ್ಲಿ, ಅಂದರೆ ಈ ಕಾಪರ್-ಟಿಯಲ್ಲಿ, ಇರುವುದು ತಾಮ್ರ. ಅದರಿಂದ ಮುಟ್ಟಿನ ರಕ್ತ ಜಾಸ್ತಿ ಆಗಬಹುದು, ಕಡಿಮೆ ಆಗುವುದಿಲ್ಲ. ಮೊದಲೇ ರಕ್ತ ಕಡಿಮೆ ಇರುವ ಹೆಂಗಸು ನಿಮ್ಮ ಲೇಖನ ನಂಬಿಕೊಂಡು ವಂಕಿ ಹಾಕಿಸಿಕೊಂಡರೆ? ಸುಮ್ನೆ ತಿದ್ದಿ ಬಿಡುವ ಕಾಗುಣಿತದ ತಪ್ಪಲ್ಲ ಇದು.

ಉಂಗುರ "ಎಲ್ಲರಿಗೂ ಸುರಕ್ಷಿತ" ಅನ್ನುವುದೂ ತಪ್ಪು. ನೂವಾರಿಂಗ್ ಅನ್ನುವ ಉಂಗುರದಲ್ಲಿ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಕೂಡ ಇದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಹಸಿ ಬಾಣಂತಿಯರಿಗೆ ಅದು ಆಗದು. ಅದನ್ನು ಹೆಂಗಸು ತಾನೇ ಇಟ್ಟುಕೊಂಡು ಮೂರು ವಾರ ಬಿಟ್ಟು ತಾನೇ ತೆಗೆಯಬಹುದು ಅನ್ನುವುದನ್ನು ಮಾತ್ರ ಎಲ್ಲೂ ಹೇಳಿಲ್ಲ. ಉಂಗುರ ಎಲ್ಲಿ ಇರುತ್ತದೆ ಅನ್ನುವುದೇ ಕೊನೇ ಪುಟದವರೆಗೂ ಗೊತ್ತಾಗುವುದಿಲ್ಲ! ಲೈಂಗಿಕ ರೋಗಗಳನ್ನು ಈ ಎರಡರಲ್ಲಿ ಯಾವುದೂ ತಡೆಯುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕು ಅನ್ನುವ ಒಂದು ಸಾಲೂ ಸೇರಲಿ.

ಅರ್ಧಕ್ಕೆ ಇಳಿಸಿ, ಸ್ತ್ರೀರೋಗ ತಜ್ಞರೊಬ್ಬರಿಗೆ ತೋರಿಸಿ ಮತ್ತೆ ಕಳಿಸಿ. ನಗುವ ದಂಪತಿಯ ಫೋಟೋ ಬೇಡ. ಸಾಧನ ಗರ್ಭಕೋಶದಲ್ಲಿ ಹೇಗೆ ಕೂರುತ್ತದೆ, ಅದರ ದಾರ ಎಲ್ಲಿಗೆ ಬರುತ್ತದೆ ಅನ್ನುವ ಒಂದು ಗೆರೆಚಿತ್ರ ಇದ್ದರೆ ಸಾಕು, ನಮ್ಮ ಕಲಾವಿದರೇ ಬರೆದುಕೊಡುತ್ತಾರೆ.