ಓದುಗರ ಪ್ರಶ್ನೆ: ಅಪ್ಪನ ರೂಮಿನ ವಿಮಾನಗಳು

ಪ್ರಶ್ನೆ: ಸರ್, ನಮ್ಮಪ್ಪನಿಗೆ ಈಗ 71. ಕಾಲೇಜಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಹತ್ತಿದ ಮಾಡೆಲ್ ವಿಮಾನದ ಹುಚ್ಚು ಇವತ್ತಿಗೂ ಇಳಿದಿಲ್ಲ. ಮಹಡಿ ಮೇಲಿನ ರೂಮ್ ತುಂಬಾ ರೆಕ್ಕೆಗಳು, ಬಾಲ್ಸಾ ಅನ್ನೋ ಹಗುರ ಮರದ ಹಲಗೆ, ಅಂಟಿನ ವಾಸನೆ. ಎರಡು ವರ್ಷದಿಂದ ಕಣ್ಣು ಮಂಜಾಗ್ತಾ ಬಂದಿದೆ. ಮೊನ್ನೆ "ಇದನ್ನೆಲ್ಲಾ ಯಾರಿಗಾದ್ರೂ ಕೊಟ್ಬಿಡು, ನಂದು ಮುಗೀತು" ಅಂದ್ರು. ಕೊಟ್ಬಿಡ್ಲಾ?
– ಓದುಗರು, ತುಮಕೂರು

ಉತ್ತರ: ಕೊಡ್ಬೇಡಿ ಕಣಮ್ಮ. ದಯವಿಟ್ಟು ಒಂದು ಹಲಗೆ ಕೂಡ ಕೊಡ್ಬೇಡಿ.

ಅಮೆರಿಕದಲ್ಲಿ ಮೇನಾರ್ಡ್ ಹಿಲ್ ಅಂತ ಒಬ್ರಿದ್ರು, ಜೀವನ ಪೂರ್ತಿ ಮಾಡೆಲ್ ವಿಮಾನ ಕಟ್ಟಿ ಹಾರಿಸಿದವರು, ಎತ್ತರ ದೂರ ವೇಗ ಅಂತ ಎಷ್ಟೋ ವಿಶ್ವದಾಖಲೆ ಅವರ ಹೆಸರಲ್ಲಿದ್ವು. ವಯಸ್ಸಾದ ಮೇಲೆ ಅವರಿಗೂ ಕಣ್ಣು ಹೆಚ್ಚುಕಮ್ಮಿ ಹೋಯ್ತು, ಕಿವಿನೂ ಸರಿಯಾಗಿ ಕೇಳ್ತಿರ್ಲಿಲ್ಲ. ಆ ಸ್ಥಿತಿಯಲ್ಲಿ ಅವರು ಕೈ ಹಾಕಿದ್ದು ಯಾವುದಕ್ಕೆ ಗೊತ್ತಾ, ಮಾಡೆಲ್ ವಿಮಾನವನ್ನ ಅಟ್ಲಾಂಟಿಕ್ ಸಾಗರ ದಾಟಿಸೋದಕ್ಕೆ! ಒಂದೇ ಏಟಿಗೆ ಆಗ್ಲಿಲ್ಲ, 2002ರಲ್ಲಿ ಕಳಿಸಿದ್ವು ಸಮುದ್ರ ಪಾಲಾದ್ವು, ಮತ್ತೆ ಕೂತು ಕಟ್ಟಿದ್ರು. 2003ರ ಆಗಸ್ಟ್ 9ಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಿಂದ ವಿಮಾನವನ್ನ ಕೈಯಾರೆ ಎತ್ತಿ ಗಾಳಿಗೆ ಬಿಟ್ರು, ಆಗ ಅವರಿಗೆ 77. ಬಾಲ್ಸಾ ಮರ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಸುಮಾರು ಆರಡಿ ರೆಕ್ಕೆ, ಇಂಧನ ತುಂಬಿಸಿದ್ರೂ ತೂಕ 5 ಕೆಜಿ ದಾಟಿರ್ಲಿಲ್ಲ, ಇಂಧನ ಅಂದ್ರೆ ಕ್ಯಾಂಪಿಂಗ್ ದೀಪಕ್ಕೆ ಹಾಕೋದೇ, ಅದೂ ನಾಲ್ಕು ಲೀಟರಿಗಿಂತ ಕಮ್ಮಿ. ನಡುದಾರಿಯಲ್ಲಿ ಜಿಪಿಎಸ್ ನೋಡ್ಕೊಂಡು ಆಟೋಪೈಲಟ್ ತಾನೇ ಓಡಿಸ್ಕೊಂಡು ಹೋಯ್ತು. 38 ಗಂಟೆ 52 ನಿಮಿಷ, ಸುಮಾರು 3,000 ಕಿಲೋಮೀಟರ್, ಐರ್ಲೆಂಡಿನ ಕ್ಲಿಫ್ಡೆನ್ ಹತ್ರದ ಕಡಲತೀರಕ್ಕೆ ಬಂದು ಇಳೀತು. 1919ರಲ್ಲಿ ಆಲ್‌ಕಾಕ್ ಮತ್ತು ಬ್ರೌನ್ ಮೊದಲ ಸಲ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ ಇಳಿದಿದ್ರಲ್ಲ, ಅದೇ ಸೀಮೆ ಅದು. ಇದನ್ನ ಬರೀವಾಗ ನನಗೆ ಈಗ್ಲೂ ಮೈ ಜುಮ್ ಅನ್ನತ್ತೆ.

ಈಗ ನಿಮ್ಮ ತಂದೆ ವಿಷ್ಯಕ್ಕೆ ಬರ್ತೀನಿ. ಹಿಲ್ ಅವರು ಕಟ್ಟಿದ್ರು, ಗಾಳಿಗೆ ಬಿಟ್ರು, ಆದ್ರೆ ರೇಡಿಯೋ ಹಿಡಿದು ಹಾರಿಸಿದ್ದು ಇಳಿಸಿದ್ದು ಕಣ್ಣು ಚೆನ್ನಾಗಿದ್ದ ಜೊತೆಗಾರರು. ಹಾರಿಸೋದೇ ಬೇರೆ ಕೆಲಸ, ಕಟ್ಟೋದೇ ಬೇರೆ, ಕಟ್ಟೋದ್ರಲ್ಲಿ ಅರ್ಧ ಬೆರಳಿನ ಕೆಲಸ. ರೆಕ್ಕೆಯ ಮುಂದಿನ ಅಂಚು ಉಜ್ಜುವಾಗ ನಾನು ಕಣ್ಣಿದ್ದೂ ಕಣ್ಣು ಮುಚ್ಕೋತೀನಿ, ಹೆಬ್ಬೆರಳು ತೋರುಬೆರಳ ಮಧ್ಯೆ ಅಂಚು ಹಿಡಿದು ಬುಡದಿಂದ ತುದಿವರೆಗೆ ಮೆಲ್ಲಗೆ ಸವರಿದ್ರೆ, ಟ್ಯೂಬ್‌ಲೈಟ್ ಬೆಳಕಲ್ಲೂ ಕಾಣದ ಉಬ್ಬು ಬೆರಳಿಗೆ ಸಿಕ್ಕಿಬಿಡತ್ತೆ, ಅಲ್ಲಷ್ಟೇ ಸ್ಯಾಂಡ್ ಪೇಪರ್‌ನಲ್ಲಿ ಎರಡು ಸಲ ಎಳೆದ್ರೆ ಆಯ್ತು. ಬಾಲ್ಸಾ ಹಲಗೆ ಆರಿಸೋದೂ ಹಂಗೇ, ಕೈಯಲ್ಲಿ ತೂಗಿ, ಸ್ವಲ್ಪ ಬಗ್ಗಿಸಿ ನೋಡಿದ್ರೆ ಇದು ರೆಕ್ಕೆಗೆ ಇದು ಮೈಗೆ ಅಂತ ಗೊತ್ತಾಗತ್ತೆ. ಐವತ್ತು ವರ್ಷ ಪಳಗಿದ ಕೈ ನಿಮ್ಮಪ್ಪಂದು.

ಬ್ಲೇಡಿನ ಕೆಲಸ ಮಾತ್ರ ನೀವು ಮಾಡ್ಕೊಡಿ, ಇಂಜಿನ್ ಸ್ಟಾರ್ಟ್ ಮಾಡೋಕೆ ಅವರನ್ನ ಬಿಡ್ಬೇಡಿ. ನನ್ನ ಬಲಗೈ ತೋರುಬೆರಳಲ್ಲಿ ಪ್ರೊಪೆಲ್ಲರ್ ಹೊಡೆದ ಗಾಯದ ಗುರುತು ನಲವತ್ತು ವರ್ಷ ಆದ್ರೂ ಹಂಗೇ ಇದೆ. ಮೈದಾನಕ್ಕೆ ಮಾತ್ರ ಖಂಡಿತ ಕರ್ಕೊಂಡು ಹೋಗಿ. ಮಾಡೆಲ್‌ಗೆ ಹಾಕೋ ಹಳೇ ಗ್ಲೋ ಇಂಜಿನ್ನಿನ (ಪುಟ್ಟ ಇಂಜಿನ್) ಹೊಗೆಯಲ್ಲಿ ಹರಳೆಣ್ಣೆ ವಾಸನೆ ಇರತ್ತೆ, ಅದು ಮೂಗಿಗೆ ಬಿದ್ರೆ ಸಾಕು, ಸದ್ದು ಕೇಳಿನೇ "ಇನ್ನೊಂಚೂರು ಸೂಜಿ (ಇಂಧನ ಹೆಚ್ಚುಕಮ್ಮಿ ಮಾಡೋ ತಿರುಪು) ತಿರುಗ್ಸು, ಇಂಧನ ಜಾಸ್ತಿ ಆಗಿದೆ" ಅಂತ ಅವರೇ ಹೇಳ್ತಾರೆ.

ಪ್ರಶ್ನೆ: ಮಗ 7ನೇ ಕ್ಲಾಸು. ರಿಮೋಟ್ ವಿಮಾನ ಬೇಕೇ ಬೇಕು ಅಂತ ಹಠ. ತಂದುಕೊಡ್ಬಹುದಾ?
– ಓದುಗರು, ಹಾಸನ

ಉತ್ತರ: ಈಗ್ಲೇ ಬೇಡ. ಮೊದ್ಲು ಕೈಯಲ್ಲಿ ಎಸೆಯೋ ಗ್ಲೈಡರ್ ಅವನ ಕೈಯಲ್ಲೇ ಮಾಡಿಸಿ, ಬಾಲ್ಸಾ ಸಿಗದಿದ್ರೆ ಥರ್ಮೋಕೋಲ್ ಸಾಕು. ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿಂದ ಮೂರನೇ ಒಂದು ಭಾಗ ಹಿಂದಕ್ಕೆ, ಎರಡೂ ಕಡೆ ಕೆಳಗಡೆಯಿಂದ ಬೆರಳ ತುದಿ ಕೊಟ್ಟು ಎತ್ತಿ ನೋಡ್ಲಿ. ಬಾಲ ಕೆಳಗೆ ಬಿದ್ರೆ ಮೂಗಿಗೆ ಚೂರು ಜೇಡಿಮಣ್ಣು ಮೆತ್ತಿ, ಮಟ್ಟಕ್ಕೆ ನಿಂತ ಮೇಲೆ ಎಸೀಲಿ, ಆಮೇಲೂ ಏಳ್ತಾ ಬೀಳ್ತಾ ಹೋದ್ರೆ ಮೂಗಿಗೆ ಇನ್ನೊಂಚೂರು. ಅದು ಬಂದ್ಮೇಲೆ ರಬ್ಬರ್ ಸುತ್ತಿ ಹಾರಿಸೋದು. ರಬ್ಬರ್ ಅಂದ್ರೆ ಮಕ್ಕಳಾಟ ಅನ್ಕೋಬೇಡಿ, 1871ರಲ್ಲಿ ಪ್ಯಾರಿಸ್ಸಿನ ಪಾರ್ಕೊಂದ್ರಲ್ಲಿ ಅಲ್ಫಾನ್ಸ್ ಪೆನೋ ಅನ್ನೋ 21ರ ಹುಡುಗ ತಿರುಚಿದ ರಬ್ಬರಿನ ಬಲದಲ್ಲೇ ತನ್ನ ಮಾಡೆಲ್ಲನ್ನ 11 ಸೆಕೆಂಡ್ ಹಾರಿಸಿದ್ದ, ರೈಟ್ ಸಹೋದರರು ಚಿಕ್ಕವರಿದ್ದಾಗ ಅವರಪ್ಪ ತಂದುಕೊಟ್ಟ ಆಟಿಕೆ ಹೆಲಿಕಾಪ್ಟರ್ ಕೂಡ ಅದೇ ಪೆನೋ ಮಾದರಿದು.

ರಿಮೋಟ್ ಮುಂದಿನ ವರ್ಷಕ್ಕಿರ್ಲಿ. ಅದನ್ನ ತಂದಾಗ ಹಾರಿಸೋ ಮುಂಚೆ ಸರ್ಕಾರದ ಡ್ರೋನ್ ವೆಬ್‌ಸೈಟ್ ಡಿಜಿಟಲ್ ಸ್ಕೈನ ಮ್ಯಾಪಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡ್ಕೊಳ್ಳಿ, ಕೆಂಪು ಹಳದಿ ಇದ್ರೆ ಅನುಮತಿ ಇಲ್ದೆ ಹಾರಿಸೋ ಹಂಗಿಲ್ಲ.