ಹೊಸ ಕ್ಯಾಮೆರಾ ಸೆಟಪ್‌ನಲ್ಲಿ ನೀರಿನಡಿ ಮ್ಯಾಕ್ರೋ ಕಲಿಯೋದು ಎಲ್ಲಿಂದ ಶುರು ಮಾಡಲಿ?

ಒಲಿಂಪಸ್ ಮಿರರ್‌ಲೆಸ್, ಪುಟ್ಟ ಜೀವಿಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯೋಕೆ 60 ಎಂಎಂ ಮ್ಯಾಕ್ರೋ ಲೆನ್ಸ್, ಕ್ಯಾಮೆರಾಗೆ ನೀರು ತಾಗದ ಹಾಗೆ ಮುಚ್ಚುವ ಹೌಸಿಂಗ್, ನೀರಿನಡಿಯ ಫ್ಲಾಶ್ ಆದ ಎರಡು ಸ್ಟ್ರೋಬ್ ತಗೊಂಡಿದ್ದೀರಿ. ಡೈವಿಂಗ್ ಕಲಿತ ಓಪನ್ ವಾಟರ್ ಕಾರ್ಡ್ ಇದೆ, ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದೀರಿ. ಎಲ್ಲಿಂದ ಶುರು ಮಾಡಲಿ, ಲೆನ್ಸ್ ಮುಂದೆ ಹಾಕಿ ಇನ್ನೂ ದೊಡ್ಡದಾಗಿ ತೆಗೆಯುವ ಡಯಾಪ್ಟರ್ ಕೂಡ ಬೇಕಾ ಅಂತ ಕೇಳಿದ್ದೀರಿ.

ಬಚ್ಚಲುಮನೆಯಿಂದ ಶುರು ಮಾಡಿ. ತಮಾಷೆ ಅಲ್ಲ. ನೀರಿನಡಿ ನೀವು ಗಾಳಿ ಎಷ್ಟಿದೆ ಅಂತ ಗೇಜ್ ನೋಡಬೇಕು, ಜೊತೆಗಾರ ಎಲ್ಲಿದ್ದಾನೆ ನೋಡಬೇಕು, ಮೇಲೆ ಕೆಳಗೆ ಹೋಗದೆ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಇದರ ನಡುವೆ ಯಾವ ಬಟನ್ ಎಲ್ಲಿದೆ ಅಂತ ತಡಕಾಡುತ್ತಾ ಕೂತರೆ ಸಿಲಿಂಡರೂ ಖಾಲಿ, ಮೆಮೊರಿ ಕಾರ್ಡೂ ಖಾಲಿ.

ಒಂದು ದೊಡ್ಡ ಟಬ್‌ಗೆ ನೀರು ತುಂಬಿ, ತಳಕ್ಕೆ ಒಂದು ಹುಣಸೆ ಬೀಜ ಹಾಕಿ. ಅಳತೆಯಲ್ಲಿ ಅದು ನೂಡಿಬ್ರಾಂಕ್ ಅನ್ನೋ ಚಿಪ್ಪಿಲ್ಲದ ಚಿಕ್ಕ ಕಡಲ ಬಸವನಹುಳುವಿನಷ್ಟೇ ಇರುತ್ತದೆ, ಮೇಲೆ ಹೊಳಪು ಇರುವುದರಿಂದ ಬೆಳಕು ಎಲ್ಲಿ ಬಿತ್ತು ಅಂತ ತಕ್ಷಣ ಕಾಣುತ್ತದೆ. ಮ್ಯಾನುವಲ್ ಮೋಡ್, ಐಎಸ್‌ಒ 200, ಶಟರ್ 1/200, ಎಫ್ 11. ಸ್ಟ್ರೋಬ್ ಕೂಡ ಮ್ಯಾನುವಲ್, ಕಾಲು ಪವರ್. ಇದನ್ನು ಹೀಗೇ ಬಿಟ್ಟುಬಿಡಿ. ಬೆಳಕು ಜಾಸ್ತಿಯಾದರೆ ಸ್ಟ್ರೋಬ್ ಪವರ್ ಮಾತ್ರ ಇಳಿಸಿ, ಕಮ್ಮಿಯಾದರೆ ಏರಿಸಿ. ಕ್ಯಾಮೆರಾ ಮುಟ್ಟಬೇಡಿ. ಸ್ಟ್ರೋಬ್ ಬೆಳಕನ್ನು ಕ್ಯಾಮೆರಾನೇ ಲೆಕ್ಕ ಹಾಕುವ ಟಿಟಿಎಲ್ ಸುಲಭ, ನಿಜ. ಆದರೆ ಶುರುವಿನಲ್ಲೇ ಅದಕ್ಕೆ ಒಗ್ಗಿಕೊಂಡರೆ ಬೆಳಕು ಯಾಕೆ ಹಾಗೆ ಬಿತ್ತು ಅನ್ನೋದು ಗೊತ್ತಾಗುವುದೇ ಇಲ್ಲ.

ಆಮೇಲೆ ಅದೇ ನೀರಿಗೆ ಚಿಟಿಕೆ ರಾಗಿ ಹಿಟ್ಟು ಕದಡಿ. ಸ್ಟ್ರೋಬ್‌ಗಳನ್ನು ಲೆನ್ಸ್ ಪಕ್ಕದಲ್ಲೇ ನೇರ ಮುಂದಕ್ಕೆ ತಿರುಗಿಸಿ ಒಂದು ಫೋಟೋ ತೆಗೆಯಿರಿ. ಚಿತ್ರದ ತುಂಬ ಬಿಳಿ ಚುಕ್ಕೆ. ಈಗ ಎರಡನ್ನೂ ಲೆನ್ಸ್ ಮುಂದಿನ ಗಾಜಿನ ಪೋರ್ಟ್‌ಗಿಂತ ಸ್ವಲ್ಪ ಹಿಂದಕ್ಕೆ ಎಳೆದು, ಮುಖ ಸ್ವಲ್ಪ ಹೊರಕ್ಕೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಬೀಜಕ್ಕೆ ತಾಗುವ ಹಾಗೆ ಮಾಡಿ. ಚುಕ್ಕೆ ಎಷ್ಟೋ ಕಮ್ಮಿಯಾಗಿರುತ್ತದೆ. ಲೆನ್ಸಿಗೂ ಬೀಜಕ್ಕೂ ನಡುವಿನ ಕಣಗಳ ಮೇಲೆ ಬೆಳಕು ಬಿದ್ದರೆ ಅವೇ ಹೊಳೆಯುತ್ತವೆ, ಅಷ್ಟೇ ವಿಷಯ. ಅದಕ್ಕೇ ಹತ್ತಿರ ಹೋದಷ್ಟೂ ಒಳ್ಳೆಯದು. ನಡುವೆ ನೀರು ಕಮ್ಮಿಯಾದರೆ ಕೆಂಪು ಬಣ್ಣವೂ ಉಳಿಯುತ್ತದೆ.

ಫೋಕಸ್ ವಿಷಯಕ್ಕೆ ಬರೋಣ, ಜಾಸ್ತಿ ಜನ ಸೋಲುವುದು ಇಲ್ಲೇ. ನಿಮ್ಮ ಲೆನ್ಸಿನ ಪಕ್ಕದಲ್ಲಿ ಫೋಕಸ್ ಮಿತಿಯ ಒಂದು ಸ್ವಿಚ್ ಇದೆ ನೋಡಿ. ಅದನ್ನು 0.19–0.4 ಮೀಟರ್‌ಗೆ ಇಟ್ಟು ಹೌಸಿಂಗ್ ಮುಚ್ಚಿ, ಆಮೇಲೆ ಅದು ಕೈಗೆ ಸಿಗುವುದಿಲ್ಲ. ಇಡದಿದ್ದರೆ ಲೆನ್ಸು ದೂರದಿಂದ ಹತ್ತಿರಕ್ಕೆ ಫೋಕಸ್ ಹುಡುಕುತ್ತಲೇ ಇರುತ್ತದೆ. ತೀರಾ ಹತ್ತಿರ ಹೋದಾಗ ಎಫ್ 11ರಲ್ಲೂ ಸ್ಪಷ್ಟವಾಗಿ ಬರುವ ಪದರ ಒಂದೆರಡು ಮಿಲಿಮೀಟರ್ ದಪ್ಪ ಕೂಡ ಇರುವುದಿಲ್ಲ. ಹಾಗಾಗಿ ಒಮ್ಮೆ ಫೋಕಸ್ ಲಾಕ್ ಮಾಡಿ, ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ, ಬೇಕಾದ್ದು ಚುರುಕಾಗಿ ಕಂಡ ಕ್ಷಣ ಒತ್ತಿ. ನೂಡಿಬ್ರಾಂಕ್ ಆದರೆ ತಲೆ ಮೇಲಿನ ಎರಡು ಪುಟ್ಟ ಕೊಂಬು, ಮೀನು ಸೀಗಡಿ ಆದರೆ ಕಣ್ಣು. ಅದು ಮಸುಕಾದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಸುಮ್ನೆ.

ಮೊದಲು ನೂಡಿಬ್ರಾಂಕನ್ನೇ ಹುಡುಕಿ, ಓಡಿ ಹೋಗುವುದಿಲ್ಲ. ಗೋಬಿ ಮೀನಿನ ಹಿಂದೆ ಬೀಳಬೇಡಿ, ನಿಮ್ಮ ನೆರಳು ಬಿದ್ದರೆ ಸಾಕು, ಬಿಲ ಸೇರುತ್ತದೆ. ಮೇಲಿನಿಂದ ತೆಗೆದರೆ ಹಿಂದೆ ಬರೀ ಬಂಡೆ ಬರುತ್ತದೆ. ಆದಷ್ಟು ಪಕ್ಕದಿಂದ, ಸ್ವಲ್ಪ ಕೆಳಗಿನಿಂದ ನೋಡಿ. ಹಿಂದೆ ಖಾಲಿ ನೀರು ಇದ್ದರೆ ಇದೇ ಸೆಟ್ಟಿಂಗ್‌ನಲ್ಲಿ ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ. ಆದರೆ ಕೋನ ಸಿಗಲಿ ಅಂತ ಹವಳದ ಮೇಲೆ ಮೊಣಕೈ ಊರುವುದು, ಜೀವಿಯನ್ನು ಕಡ್ಡಿಯಲ್ಲಿ ಸರಿಸುವುದು ಬೇಡವೇ ಬೇಡ. ಅಂಥವರ ಜೊತೆ ಡೈವ್ ಮಾಡುವುದನ್ನೇ ನಾನು ಬಿಟ್ಟಿದ್ದೇನೆ.

ಕರಾವಳಿಗೆ ಸಂಬಂಧಪಟ್ಟ ಒಂದು ಮಾತು. ಮುರ್ಡೇಶ್ವರದ ಗಾಳಿಯಲ್ಲಿ ತೇವ ಜಾಸ್ತಿ. ಹಾಗೇ ಹೌಸಿಂಗ್ ಮುಚ್ಚಿದರೆ ಒಳಗೆ ಸಿಕ್ಕಿಬಿದ್ದ ತೇವ ತಣ್ಣನೆ ನೀರಿಗೆ ಇಳಿದ ಕೂಡಲೇ ಪೋರ್ಟ್ ಒಳಗೆ ಮಂಜು ಕಟ್ಟುತ್ತದೆ. ಹಿಂದಿನ ರಾತ್ರಿಯೇ ಎಸಿ ರೂಮಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ಹೌಸಿಂಗ್ ಅಂಚಿನ ರಬ್ಬರ್ ಓ-ರಿಂಗ್ ಮೇಲೆ ಒಂದು ಕೂದಲು ಇದ್ದರೂ ನೀರು ನುಗ್ಗುತ್ತದೆ. ಬೆರಳಿನಲ್ಲಿ ಸವರಿ ನೋಡಿ, ಗ್ರೀಸ್ ತೆಳುವಾಗಿ ಹಚ್ಚಿ, ಅದೂ ಹೌಸಿಂಗ್ ಕಂಪನಿ ಹೇಳಿದ್ದನ್ನೇ. ಬೋಟಿನಲ್ಲಿ ಅಲುಗಾಡುತ್ತಾ ಈ ಕೆಲಸ ಮಾಡುವುದು ಬೇಡ. ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ನೆನೆಸಿಟ್ಟು ಒಂದೊಂದೇ ಬಟನ್ ಒತ್ತಿ, ಉಪ್ಪು ಕೂತರೆ ಅಂಟಿಕೊಳ್ಳುತ್ತದೆ.

ನೇತ್ರಾಣಿಯಲ್ಲಿ ಮೊದಲ ಡೈವ್ ಕ್ಯಾಮೆರಾ ಇಲ್ಲದೆ ಮಾಡಿ. ಉಸಿರಾಟದಲ್ಲೇ ನಿಂತಲ್ಲಿ ನಿಲ್ಲಲು ಆಗುತ್ತದಾ ನೋಡಿ. ಆಗದಿದ್ದರೆ ಎರಡನೆಯದಕ್ಕೂ ಕ್ಯಾಮೆರಾ ಬೋಟಿನಲ್ಲೇ ಇರಲಿ.

ಡಯಾಪ್ಟರ್ ಈಗ ಬೇಡ. ನಿಮ್ಮ ಲೆನ್ಸೇ 1:1, ಅಂದರೆ ಸೆನ್ಸರ್ ಮೇಲೆ ಜೀವಿಯ ನಿಜ ಅಳತೆಯನ್ನೇ, ಕೊಡುತ್ತದೆ, ಅದರಲ್ಲೇ ಫೋಕಸ್ ಹಿಡಿಯುವುದು ಕಷ್ಟ. ಡಯಾಪ್ಟರ್ ಹಾಕಿದರೆ ಸ್ಪಷ್ಟವಾಗಿ ಬರುವ ಆ ಪದರ ಇನ್ನೂ ತೆಳ್ಳಗಾಗುತ್ತದೆ. ಆ ದುಡ್ಡಿಗೆ ಇನ್ನೆರಡು ಡೈವ್ ಮಾಡಿ.