ವೆಬ್ ಪುಟದಲ್ಲಿ ತೋರಿಸುವ ಕೋಡ್‌ನಲ್ಲಿ ಟ್ಯಾಬ್ ಕೀಲಿಯಿಂದ ಬಿಟ್ಟ ಜಾಗ ಇಷ್ಟು ಅಗಲ ಯಾಕೆ ಬರುತ್ತದೆ? ಕಡಿಮೆ ಮಾಡುವುದು ಹೇಗೆ?

ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಇದಕ್ಕೆಂದೇ ‘ಟ್ಯಾಬ್-ಸೈಜ್’ ಇದೆ. ಕೋಡ್ ತೋರಿಸುವ ‘ಪ್ರಿ’ ಟ್ಯಾಗ್‌ಗೆ ‘ಟ್ಯಾಬ್-ಸೈಜ್: 4;’ ಎಂದು ಕೊಟ್ಟರೆ ಸಾಕು. ಏನೂ ಕೊಡದಿದ್ದರೆ ಬ್ರೌಸರ್ 8 ಎಂದೇ ಹಿಡಿಯುತ್ತದೆ. ಆಗ ಮೂರು ಟ್ಯಾಬ್ ಒಳಗಿರುವ ಸಾಲು 24 ಸ್ಪೇಸ್‌ನಷ್ಟು ಬಲಕ್ಕೆ ಸರಿಯುತ್ತದೆ. ಮೊಬೈಲ್‌ನಲ್ಲಿ ಓದುವವರಿಗೆ ಇದು ನಿಜಕ್ಕೂ ಕಷ್ಟ.

ಟ್ಯಾಬ್‌ಗೆ ತನ್ನದೇ ಆದ ಅಗಲವಿಲ್ಲ, ಅದು ಮುಂದಿನ ನಿಲುಗಡೆಗೆ ಜಿಗಿಯುತ್ತದೆ. 4 ಎಂದರೆ ಪ್ರತಿ 4 ಸ್ಪೇಸ್‌ಗೆ ಒಂದು ನಿಲುಗಡೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲವಿರುವ ಮೊನೊಸ್ಪೇಸ್ ಫಾಂಟ್‌ನಲ್ಲಿ, ಸಾಲಿನ ಮೊದಲಲ್ಲೇ ಟ್ಯಾಬ್ ಬಂದರೆ 4 ಸ್ಪೇಸ್ ಜಾಗ. 3 ಅಕ್ಷರಗಳ ನಂತರ ಬಂದರೆ ಒಂದೇ ಸ್ಪೇಸ್. ಬೇರೆ ಫಾಂಟ್‌ಗಳಲ್ಲಿ ಸ್ಪೇಸ್ ಸಣ್ಣದು, ಹಾಗಾಗಿ ಅದೇ 4 ತೀರಾ ಇಕ್ಕಟ್ಟಾಗಿ ಕಾಣುತ್ತದೆ.

4 ಕೊಟ್ಟರೂ ಏನೂ ಬದಲಾಗಲಿಲ್ಲವೇ? ಸಿಎಸ್‌ಎಸ್‌ನ ಇನ್ನೊಂದು ಸೆಟ್ಟಿಂಗ್ ‘ವೈಟ್-ಸ್ಪೇಸ್’ ನೋಡಿ. ಅದು ‘ನಾರ್ಮಲ್’ ಇದ್ದರೆ ಟ್ಯಾಬ್ ಬರೀ ಒಂದು ಸ್ಪೇಸ್ ಆಗಿಬಿಡುತ್ತದೆ, ಸಾಲಿನ ಮೊದಲಲ್ಲಿದ್ದರೆ ಪೂರ್ತಿ ಮಾಯ. ಅದಕ್ಕೆ ‘ಪ್ರಿ’ ಅಥವಾ ‘ಪ್ರಿ-ವ್ರ್ಯಾಪ್’ ಎಂದು ಕೊಟ್ಟಿರಬೇಕು. ‘ಕೋಡ್’ ಟ್ಯಾಗ್ ಒಂದನ್ನೇ ಬಳಸಿದಾಗ ಎಡವುವುದು ಇಲ್ಲೇ. ಅದೂ ಸರಿಯಿದ್ದರೆ, ನಿಮ್ಮ ಎಡಿಟರ್ ಟ್ಯಾಬ್ ಬದಲು ಸ್ಪೇಸ್‌ಗಳನ್ನೇ ತುಂಬಿರಬಹುದು. ಅವುಗಳ ಮೇಲೆ ಟ್ಯಾಬ್-ಸೈಜ್ ನಡೆಯುವುದಿಲ್ಲ.